ಸ್ವಲ್ಪ ಬ್ರೈಟ್ ಮಾಡು

"ಚೆನ್ನಾಗಿದೆ ಮಾಮ, ಸ್ವಲ್ಪ ಬ್ರೈಟ್ ಮಾಡು" ಎಂದ ಅಕ್ಕನ ಮಗ. ಆ 'ಸ್ವಲ್ಪ' ಇದೆಯಲ್ಲ, ನನ್ನ ರಾತ್ರಿ ನಿದ್ದೆ ಕೆಡಿಸಿದ್ದು ಅದೇ.

ಅದು ಒಂದು ಗಲ್ಲಿಯ ಫೋಟೋ. ಎರಡೂ ಪಕ್ಕ ಎತ್ತರದ ಗೋಡೆ. ಎದುರಿಗೆ ಯಾರಾದರೂ ಬಂದರೆ ಒಬ್ಬರು ಓರೆಯಾಗಿ ನಿಲ್ಲಬೇಕು, ಅಷ್ಟೇ ಜಾಗ. ಮೇಲೆ ರಿಬ್ಬನ್ನಿನಷ್ಟು ಆಕಾಶ. ಮಟಮಟ ಮಧ್ಯಾಹ್ನ. ಅಲ್ಲಿ ನಿಂತಿದ್ದಾಗ ಆಕಾಶದ ನೀಲಿ, ಗೋಡೆಯ ಪಾಚಿ, ಮೆಟ್ಟಿಲ ಮೇಲೆ ಮಲಗಿದ ಬೆಕ್ಕು ಎಲ್ಲವೂ ಕಂಡಿತ್ತು. ಫೋಟೋದಲ್ಲಿ ಆಕಾಶ ಸುಣ್ಣ, ಗೋಡೆ ಇದ್ದಿಲು. ಬೆಕ್ಕು ನಾಪತ್ತೆ.

ಅಂಥ ಜಾಗದಲ್ಲಿ ಆಕಾಶಕ್ಕೂ ಮೂಲೆಗೂ ಹತ್ತು ಸ್ಟಾಪ್ ವ್ಯತ್ಯಾಸ ಇದ್ದರೆ ಆಶ್ಚರ್ಯವಿಲ್ಲ. ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು. ಹತ್ತು ಸಲ ಎರಡು ಪಟ್ಟು ಮಾಡುತ್ತಾ ಹೋದರೆ 1024 ಪಟ್ಟು. ಕಣ್ಣು ಅಲ್ಲಿ ಇಲ್ಲಿ ಓಡಾಡಿ ಹೇಗೋ ಹೊಂದಿಸಿಕೊಳ್ಳುತ್ತದೆ. ಕ್ಯಾಮೆರಾ ಒಂದೇ ಸಲ ನೋಡಿ ಕಣ್ಣು ಮುಚ್ಚಿಕೊಳ್ಳುತ್ತದೆ. ಇದನ್ನು ಹುಡುಗನಿಗೆ ವಿವರಿಸಲು ಹೋದೆ. ಅವನು ಆಗಲೇ ಬೇರೆ ಫೋಟೋ ನೋಡುತ್ತಿದ್ದ.

ಪುಣ್ಯಕ್ಕೆ ರಾ ಫೈಲ್, ಅಂದರೆ ಕ್ಯಾಮೆರಾ ಕಂಡದ್ದನ್ನು ಹಸಿಹಸಿಯಾಗಿ ಇಟ್ಟುಕೊಂಡ ಕಡತ, ಇತ್ತು. ಕಂಪ್ಯೂಟರಿನಲ್ಲಿ ನೆರಳನ್ನು ಬೆಳಗಿಸುವ ಶ್ಯಾಡೋ ಸ್ಲೈಡರನ್ನು ಬಲಕ್ಕೆ ಎಳೆದೆ. ಕತ್ತಲೇನೋ ಎದ್ದಿತು, ಜೊತೆಗೆ ಬಣ್ಣದ ಮರಳು ಚೆಲ್ಲಿದ ಹಾಗೆ ನಾಯ್ಸ್ ಕೂಡ ಎದ್ದಿತು. ಹೈಲೈಟ್, ಅಂದರೆ ತೀರಾ ಬೆಳಕಿನ ಭಾಗ, ಇಳಿಸಿದೆ. ಪೂರ್ತಿ ಬಿಳಿಚಿಕೊಂಡಿದ್ದ ಆಕಾಶದಲ್ಲಿ ವಾಪಸ್ ತರಲು ಏನೂ ಉಳಿದಿರಲಿಲ್ಲ, ಸುಣ್ಣ ಹೋಗಿ ಬೂದಿಯಾಯಿತು. ಫೋಟೋ ಸುಧಾರಿಸುವುದು ಬಿಟ್ಟು ನಾನೇ ಸುಧಾರಿಸಿಕೊಳ್ಳಲು ಕೂತೆ. ಆಗ ನೆನಪಾದವನು ಹಳೇ ಕಾಲದ ಫೋಟೋಗ್ರಾಫರ್ ಥಾಮಸ್ ಆನನ್.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1866ರಲ್ಲಿ ಒಂದು ಕಾಯ್ದೆ ಬಂತು. ಹೆಸರು ನಗರ ಸುಧಾರಣೆ. ಕಿಕ್ಕಿರಿದ ಹಳೇ ಗಲ್ಲಿಗಳನ್ನು ಕೆಡವಿ ರಸ್ತೆ ಅಗಲ ಮಾಡಬೇಕು. ಆ ಕೆಲಸಕ್ಕೆ ನಿಂತ ಟ್ರಸ್ಟು, ಕೆಡವಬೇಕಾದ ಗಲ್ಲಿಗಳ ಫೋಟೋ ತೆಗೆಯಲು ಆನನ್‌ಗೆ ಹೇಳಿತು. 1868ರಿಂದ 1871ರವರೆಗೆ ಅವನು ಅವನ್ನು ತೆಗೆದ. ಆಗಿನದು ಒದ್ದೆ ಪ್ಲೇಟಿನ ಕಾಲ. ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರವ ಬಳಿಯಬೇಕು, ಬೆಳ್ಳಿಯ ದ್ರಾವಣದಲ್ಲಿ ಅದ್ದಬೇಕು, ಒಣಗುವುದರೊಳಗೆ ಫೋಟೋ ತೆಗೆದು ತೊಳೆದೂ ಮುಗಿಸಬೇಕು. ಕತ್ತಲೆ ಕೋಣೆಯನ್ನು ಜೊತೆಯಲ್ಲೇ ಹೊತ್ತು ತರಬೇಕು. ಗಲ್ಲಿಯೇ ಸಾಕಷ್ಟು ಕತ್ತಲಾಗಿತ್ತಲ್ಲ ಎನ್ನಬೇಡಿ, ಅದೇ ಅವನ ಕಷ್ಟ. ಬೆಳಕು ಸಾಲದೆ ಲೆನ್ಸ್ ಬಹಳ ಹೊತ್ತು ತೆರೆದಿಡಬೇಕಾಗಿತ್ತು. ಅಷ್ಟು ಹೊತ್ತು ಮಕ್ಕಳು ನಿಲ್ಲುತ್ತಾರೆಯೇ? ಅಲುಗಾಡಿದವರು ಹೊಗೆಯಾದರು. ಒಣಗಲು ಹಾಕಿದ ಬಟ್ಟೆಯೂ ಅಷ್ಟೇ, ಗಾಳಿಗೆ ಆಡಿ ಬಿಳಿ ಮಬ್ಬಾಯಿತು. ಕೊಲೋಡಿಯನ್‌ಗೆ ನೀಲಿ ಬೆಳಕೆಂದರೆ ವಿಪರೀತ ಆಸೆ, ಹಾಗಾಗಿ ಆಕಾಶ ಅವನಿಗೂ ಸುಣ್ಣವೇ.

ಅವನಿಗೆ ಯಾರಾದರೂ "ಸ್ವಲ್ಪ ಬ್ರೈಟ್ ಮಾಡು" ಎಂದಿದ್ದರೆ? ಟ್ರಸ್ಟೇ ಬ್ರೈಟ್ ಮಾಡಿತು ಬಿಡಿ. ಗಲ್ಲಿಗೆ ಬೆಳಕು ಬರುತ್ತಿಲ್ಲವೇ, ಗೋಡೆ ತೆಗೆಯಿರಿ! ಇಷ್ಟು ಜೋರಾಗಿ ಯಾವ ಸ್ಲೈಡರೂ ಕೆಲಸ ಮಾಡುವುದಿಲ್ಲ. ಅಲ್ಲಿ ವಾಸವಿದ್ದವರಿಗೆ ಆ ಕತ್ತಲು ಸುಖದ್ದಾಗಿರಲಿಲ್ಲ, ಒಪ್ಪುತ್ತೇನೆ. ಆದರೂ ಇವತ್ತು ಆ ಗಲ್ಲಿಗಳನ್ನು ನೋಡಬೇಕೆಂದರೆ ಆನನ್‌ನ ಕಪ್ಪು ಫೋಟೋಗಳನ್ನೇ ನೋಡಬೇಕು.

ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ರಾತ್ರಿ ಒಂದೂವರೆ. ಸುಮ್ನೆ ಮಲಗಬಹುದಿತ್ತು. ಮಲಗಲಿಲ್ಲ. ಆಯ್ದ ಭಾಗವನ್ನಷ್ಟೇ ತಿದ್ದಲು ಬಿಡುವ ಮಾಸ್ಕನ್ನು ಗೋಡೆಗೊಂದು, ನೆಲಕ್ಕೊಂದು ಹಾಕಿ ಬೇರೆ ಬೇರೆಯಾಗಿ ಎತ್ತಿದೆ. ನೆರಳಿಗೆ ನೀಲಿ ಹತ್ತಿತ್ತು, ಬಣ್ಣ ಬೆಚ್ಚಗೆ ಮಾಡಿದೆ. ಜಾಸ್ತಿಯಾಗಿ ಗೋಡೆಗೆ ಕಾಮಾಲೆ ಬಂತು, ಇಳಿಸಿದೆ. ಕತ್ತಲು, ಬೆಳಕು ಎರಡನ್ನೂ ಒಟ್ಟಿಗೆ ತೋರಿಸುವ ಎಚ್‌ಡಿಆರ್ ಬಟನ್ ಮಾತ್ರ ಮುಟ್ಟಲಿಲ್ಲ. ಅದನ್ನು ಒತ್ತಿದವರ ಫೋಟೋಗಳಲ್ಲಿ ಪ್ರತಿ ಇಟ್ಟಿಗೆಯೂ ನನ್ನನ್ನು ನೋಡು, ನನ್ನನ್ನು ನೋಡು ಎಂದು ಕಿರುಚುತ್ತಿರುತ್ತದೆ. ಕಟ್ಟಡಕ್ಕೆಲ್ಲ ದೇವರ ಹಾಗೆ ಪ್ರಭಾವಳಿ ಬೇರೆ. ನನಗೆ ಆಗುವುದಿಲ್ಲ.

ಎರಡೂಕಾಲಿಗೆ ಮೆಟ್ಟಿಲು ಕಂಡಿತು. ಬೆಕ್ಕಿರಬೇಕಾದ ಜಾಗದಲ್ಲಿ ಒಂದು ಬೂದು ಮುದ್ದೆ. ಅದು ಬೆಕ್ಕೂ ಇರಬಹುದು, ಒರೆಸುವ ಬಟ್ಟೆಯೂ ಇರಬಹುದು. ಅದರ ಪಕ್ಕದಲ್ಲಿ, ಅಲ್ಲಿದ್ದಾಗ ನನ್ನ ಕಣ್ಣಿಗೇ ಬೀಳದಿದ್ದ ಒಂದು ಗುಲಾಬಿ ಪ್ಲಾಸ್ಟಿಕ್ ಬಕೆಟ್. ಎಂಥ ಗುಲಾಬಿ! ಇಡೀ ಗಲ್ಲಿಯಲ್ಲಿ ಮತ್ತೇನೂ ಕಾಣದಂಥ ಗುಲಾಬಿ. ಕ್ರಾಪ್ ಮಾಡಿದರೆ ಮೆಟ್ಟಿಲು ಹೋಗುತ್ತದೆ. ಬಣ್ಣ ತಗ್ಗಿಸಿದರೆ ಬಕೆಟ್ಟಿಗೆ ಜ್ವರ ಬಂದಂತೆ ಕಾಣುತ್ತದೆ. ಅಳಿಸಬಹುದು, ಆದರೆ ಬೆಕ್ಕನ್ನೇ ಹುಡುಕಿಕೊಡಲಾಗದವನು ಬಕೆಟ್ ಕದಿಯುವುದು ಸರಿಯೇ?

ಬೆಳಿಗ್ಗೆ ಕೆಂಪು ಕಣ್ಣಿನಲ್ಲೇ ಹುಡುಗನಿಗೆ ತೋರಿಸಿದೆ. ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡಿದ.

"ಈಗ ಸೂಪರ್ ಮಾಮ. ಬಕೆಟ್ ಎಷ್ಟು ಚೆನ್ನಾಗಿ ಬಂದಿದೆ!"