ಕಾಡಿನಾಗೂ ಸ್ಪೀಕರ್ ಯಾಕ ಬೇಕ್ರಪಾ?

ಮೊನ್ನೆ ಭಾನುವಾರ ನಾನು, ನಮ್ಮಣ್ಣ ಮುಂಜಾನೆ ಲೋಕಲ್ ಹಿಡದು ಪುಣೆಯಿಂದ ಲೋಣಾವಳಾಕ್ಕ ಹೋಗಿ ಅಲ್ಲಿಂದ ರಾಜಮಾಚಿ ಕೋಟಿಗೆ ನಡಕೋತ ಹೊಂಟಿದ್ವಿ, ಹತ್ರಹತ್ರ 15 ಕಿ.ಮೀ. ದಾರಿ, ಒಂದ ಕಡೆ ಗುಡ್ಡ, ಇನ್ನೊಂದ ಕಡೆ ಉಲ್ಹಾಸ್ ನದಿ ಕಣಿವೆ, ಮಳಿ ಬಿದ್ದ ಮ್ಯಾಲೆ ಎಲ್ಲಿ ನೋಡಿದ್ರೂ ಹಸಿರು. ವಾರಪೂರ್ತಿ ಹಿಂಜವಡಿ ಟ್ರಾಫಿಕ್ಕಿನ ಹಾರ್ನ್ ಕೇಳಿ ಕೇಳಿ ತಲಿ ಚಿಟ್ಟ ಹಿಡದಿರತದ, ಅದಕ್ಕ ಹೋಗೋದು.

ಅರ್ಧ ದಾರಿ ಆಗಿರಲಿಲ್ಲ, ಹಿಂದಿಂದ ಒಂದು ಗ್ಯಾಂಗ್ ಬಂತು, ಬ್ಯಾಗಿಗೆ ಬ್ಲೂಟೂತ್ ಸ್ಪೀಕರ್ ಕಟಗೊಂಡು ಧಡ್ ಧಡ್ ಅಂತ. ಅದ ಹೊತ್ತಿಗೆ ಹಳ್ಳದ ಬಾಜೂ ಸರಳೆ ಸಿಳ್ಳಾರ ಅನ್ನೋ ಹಕ್ಕಿ ಹಾಡಲಿಕ್ಕೆ ಶುರು ಮಾಡಿತ್ತು, ಥೇಟ್ ಮನಷ್ಯಾರು ಸಿಳ್ಳೆ ಹಾಕಿದಂಗ, ರಾಗ ಎಳಕೋತ. ನಮ್ಮಣ್ಣ ಕೈಸನ್ನೆ ಮಾಡಿ ನನ್ನ ನಿಂದರಿಸಿದ, ಒದ್ದಿ ಬಂಡೆ ಮ್ಯಾಲೆ ಆ ಕಪ್ಪು-ನೀಲಿ ಮೈ ಒಂದ ಕ್ಷಣ ಕಾಣ್ತು ಅಷ್ಟ, ಆ ಗದ್ದಲ ಹತ್ರ ಬಂದದ್ದ ತಡ ಪುರ್ರಂತ ಹಾರಿ ಹೋತು. ಎಷ್ಟು ಹೊಟ್ಟಿ ಉರೀತು ಅಂತೀನಿ! "ಭಾವ್, ಆವಾಜ್ ಜರಾ ಕಮೀ ಕರಾ" (ಅಣ್ಣಾ, ಸೌಂಡ್ ಸ್ವಲ್ಪ ಕಮ್ಮಿ ಮಾಡ್ರಿ) ಅಂತ ಮರಾಠಿಯೊಳಗ ಅಂದೆ, ನನ್ನ ಹುಚ್ಚನ್ನ ನೋಡಿದಂಗ ನೋಡಿ ಮುಂದ ಹೋದ್ರು.

ಮೇ ಕೊನಿ, ಜೂನ್ ಹೊತ್ತಿಗೆ ಇದ ಕಾಡಿನಾಗ ಮಿಣುಕುಹುಳ ಗಿಡದ ತುಂಬ ಮಿಣಮಿಣ ಅಂತಾವ, ಅಲ್ಲೂ ಇದ ಹಾಡು, ಮ್ಯಾಲೆ ಟಾರ್ಚು, ಫ್ಲ್ಯಾಶು. ಅವು ಬೆಳಕಿನಿಂದನ ಜೋಡಿ ಹುಡಕೋದು, ನೀವು ಟಾರ್ಚ್ ಹಾಕಿದ್ರ ಅವಕ್ಕ ಏನ್ ಕಾಣಬೇಕು? ಹಾಡು ಬೇಕಂದ್ರ ಇಯರ್‌ಫೋನ್ ಹಾಕೋರಿ, ಯಾರು ಬ್ಯಾಡ ಅಂತಾರ.

ಕತ್ತಲಾಗಿ ವಾಪಸ್ ಬರೋತನಕ ಆ ಹಕ್ಕಿ ಮತ್ತ ಕೇಳಲೇ ಇಲ್ಲ.