ಇರಾನಿನ ಎಣ್ಣೆ ಎಷ್ಟು ಬರುತ್ತೆ ಅಂತ ಯಾರಿಗೆ ಗೊತ್ತು?

ಟಿವಿಯಲ್ಲಿ ಒಬ್ಬರು "ಇರಾನಿನ ಕಚ್ಚಾ ಎಣ್ಣೆ ಬಂದರೆ ಬ್ಯಾರಲ್‌ಗೆ ಇಷ್ಟು, ಬರದಿದ್ದರೆ ಇಷ್ಟು" ಅಂತ ಲೆಕ್ಕ ಒಪ್ಪಿಸುತ್ತಿದ್ದರು. ಕೇಳಿ ಮೈ ಉರಿಯಿತು. ಅದು ಬರುತ್ತೋ ಇಲ್ಲವೋ ಅನ್ನೋದೇ ತಿಳಿಯದ ಸಂಗತಿ. ತಿಳಿದಿದೆ ಅಂದುಕೊಂಡು ಮಾಡಿದ ತೀರ್ಮಾನದ ಗತಿ ಏನಾಗುತ್ತೆ ಅಂತ 2018ರಲ್ಲೇ ನೋಡಿದ್ದೇವೆ.

ನೆನಪಿದೆ ಅಲ್ವಾ? ಆ ಮೇ ತಿಂಗಳಲ್ಲಿ ಟ್ರಂಪ್ ಇರಾನ್ ಅಣು ಒಪ್ಪಂದದಿಂದ (ಇರಾನ್ ಅಣು ಕೆಲಸಕ್ಕೆ ಕಡಿವಾಣ ಹಾಕಿದರೆ ನಿರ್ಬಂಧ ಸಡಿಲ ಅನ್ನೋ ಒಪ್ಪಂದ) ಹೊರಬಂದರು. ಆಗ ಇರಾನ್ ದಿನಕ್ಕೆ ಸುಮಾರು 25 ಲಕ್ಷ ಬ್ಯಾರಲ್ ಹೊರಗೆ ಕಳಿಸುತ್ತಿತ್ತು. ಅದನ್ನು ಸೊನ್ನೆಗೆ ಇಳಿಸುತ್ತೇವೆ ಅಂತ ಅಮೆರಿಕ ಹೇಳಿತು. ಆ ಕೊರತೆ ತುಂಬೋಕೆ ಜೂನ್‌ನಲ್ಲಿ ಒಪೆಕ್ (ಎಣ್ಣೆ ರಫ್ತು ಮಾಡುವ ದೇಶಗಳ ಕೂಟ) ದೇಶಗಳು, ರಷ್ಯಾ ವಿಯೆನ್ನಾದಲ್ಲಿ ಕೂತು ದಿನಕ್ಕೆ ಸುಮಾರು 10 ಲಕ್ಷ ಬ್ಯಾರಲ್ ಜಾಸ್ತಿ ಬಿಡೋಣ ಅಂದವು. ಆದರೂ ಭಯಕ್ಕೆ ಅಕ್ಟೋಬರ್‌ನಲ್ಲಿ ಬ್ರೆಂಟ್, ಅಂದರೆ ಜಗತ್ತು ಅಳತೆಗೋಲಾಗಿ ನೋಡುವ ಎಣ್ಣೆ ರೇಟು, ಬ್ಯಾರಲ್‌ಗೆ 86 ಡಾಲರ್ ಮುಟ್ಟಿತು. ನವೆಂಬರ್ 5ಕ್ಕೆ ಇರಾನಿನ ಎಣ್ಣೆ ಮೇಲೆ ಅಮೆರಿಕದ ನಿರ್ಬಂಧ ಜಾರಿಯಾಯಿತು. ಅದೇ ಹೊತ್ತಿಗೆ ಭಾರತ, ಚೀನಾ ಸೇರಿ 8 ಗಿರಾಕಿಗಳಿಗೆ 180 ದಿನದ ವಿನಾಯಿತಿಯೂ ಸಿಕ್ಕಿತು! ಸೊನ್ನೆಯನ್ನು ನಂಬಿ ತೆಗೆದ ಎಣ್ಣೆ ಮಾರುಕಟ್ಟೆಯಲ್ಲಿ ತುಂಬಿ ತುಳುಕಿತು. ಡಿಸೆಂಬರ್ ಕೊನೆಗೆ ರೇಟು 50 ಡಾಲರ್ ಹತ್ತಿರ. ಅದೇ ತಿಂಗಳ ಮೊದಲ ವಾರದಲ್ಲೇ ಮತ್ತೆ ವಿಯೆನ್ನಾ, ಮತ್ತೆ ಸಭೆ, ಈ ಸಲ ದಿನಕ್ಕೆ 12 ಲಕ್ಷ ಬ್ಯಾರಲ್ ಕಡಿತ. ಆರು ತಿಂಗಳೊಳಗೆ ಎರಡು ಉಲ್ಟಾ ತೀರ್ಮಾನ. ಎರಡಕ್ಕೂ ಇರಾನಿನ ಬಗ್ಗೆ ಮಾಡಿದ ಊಹೆಯೇ ದೊಡ್ಡ ಕಾರಣ.

ನಮ್ಮ ಸುರತ್ಕಲ್ ಕಡೆಯವರಿಗೆ ಇದು ದೂರದ ಸುದ್ದಿಯಲ್ಲ. ಕುತ್ತೆತ್ತೂರಿನ ಎಣ್ಣೆ ಶುದ್ಧೀಕರಣ ಘಟಕ (ರಿಫೈನರಿ) ಎಂಆರ್‌ಪಿಎಲ್ ವರ್ಷಗಟ್ಟಲೆ ಇರಾನಿನ ದೊಡ್ಡ ಗಿರಾಕಿಯಾಗಿತ್ತು. ಹತ್ತಿರದ ಎಣ್ಣೆ, 60 ದಿನದ ಸಾಲ. ಎಣ್ಣೆಯ ದುಡ್ಡು ಯೂಕೋ ಬ್ಯಾಂಕಿನಲ್ಲಿ ರೂಪಾಯಿ ಲೆಕ್ಕದಲ್ಲಿ, ಆ ದುಡ್ಡಲ್ಲಿ ಇರಾನ್ ನಮ್ಮಿಂದಲೇ ಬಾಸ್ಮತಿ ಅಕ್ಕಿ ಕೊಳ್ಳುತ್ತಿತ್ತು. 2019ರ ಮೇ ತಿಂಗಳಲ್ಲಿ ವಿನಾಯಿತಿ ಮುಗಿಯಿತು, ಖರೀದಿ ನಿಂತಿತು. ರಿಫೈನರಿಯಲ್ಲಿ ಯಾವ ಕ್ರೂಡ್ (ಕಚ್ಚಾ ಎಣ್ಣೆ) ಎಷ್ಟು, ಅದರಲ್ಲಿ ಗಂಧಕ ಎಷ್ಟು, ಡೀಸೆಲ್ ಎಷ್ಟು ಇಳಿಯುತ್ತೆ ಅಂತ ವಾರಗಟ್ಟಲೆ ಮುಂಚೆ ಲೆಕ್ಕ ಹಾಕಿರುತ್ತಾರೆ. ಯಾರದೋ ಒಂದು ಸಹಿಗೆ ಅದೆಲ್ಲ ತಲೆಕೆಳಗು. ಇದು ನನಗೆ ನಿಜಕ್ಕೂ ಸಂಕಟ ತರುತ್ತೆ.

ಆಮೇಲಾದರೂ ಲೆಕ್ಕ ಸರಿಯಾಗಿ ಸಿಕ್ಕಿತಾ? ಇಲ್ಲ. ಟ್ಯಾಂಕರ್‌ಗಳು ತಾವಿರುವ ಜಾಗ ತೋರಿಸುವ ಸಾಧನವನ್ನು ಆಫ್ ಮಾಡಿಕೊಂಡು ಓಡಾಡಿದವು. ಮಲೇಷ್ಯಾ ಹತ್ತಿರದ ಸಮುದ್ರದಲ್ಲಿ ಹಡಗಿಂದ ಹಡಗಿಗೆ ಎಣ್ಣೆ ಸಾಗಿತು. ಚೀನಾದ ಕಸ್ಟಮ್ಸ್ ಪುಸ್ತಕದಲ್ಲಿ ಮಲೇಷ್ಯಾದ ಎಣ್ಣೆ ಆ ದೇಶ ತೆಗೆಯೋದಕ್ಕಿಂತ ಜಾಸ್ತಿಯಾಯಿತು. ಒಪೆಕ್‌ನಲ್ಲಿ ಇರಾನಿಗೆ ಕೋಟಾ, ಅಂದರೆ ಇಷ್ಟೇ ತೆಗೆಯಬೇಕು ಅನ್ನೋ ಮಿತಿಯೂ ಇಲ್ಲ. ಉಳಿದವರು ಇಂಥ ಲೆಕ್ಕದ ಮೇಲೆ ತಮ್ಮ ಕೋಟಾ ನಿರ್ಧರಿಸಬೇಕು.

"ಎಣ್ಣೆ ವ್ಯಾಪಾರವೇ ಊಹೆ, ಇದರಲ್ಲೇನು ಹೊಸದು" ಅಂತ ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಚಂಡಮಾರುತಕ್ಕೆ ಬಾವಿ ನಿಲ್ಲೋದು ಬೇರೆ. ಇಲ್ಲಿ ಬಾವಿ, ಬಂದರು, ಹಡಗು ಎಲ್ಲ ಸರಿ ಇರುವಾಗಲೂ ಒಂದು ರಾಜಧಾನಿಯ ಮರ್ಜಿಗೆ ಎಣ್ಣೆ ನಿಲ್ಲುತ್ತೆ, ಹರಿಯುತ್ತೆ. ಕೊಳ್ಳುವ ದೇಶವನ್ನು ಯಾರೂ ಕೇಳೋದಿಲ್ಲ.

ನಮ್ಮ ಕೈಲಿರೋದು ದಾಸ್ತಾನು. ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು, ವಿಶಾಖಪಟ್ಟಣದ ನೆಲದಡಿಯ ಗುಹೆಗಳಲ್ಲಿ 53.3 ಲಕ್ಷ ಟನ್ ಹಿಡಿಯುತ್ತೆ. ತುಂಬಿದ್ದರೂ ದೇಶಕ್ಕೆ ಹತ್ತು ದಿನ ಸಾಲದು. 2020ರಲ್ಲಿ ರೇಟು ಕುಸಿದಾಗ ತುಂಬಿಸಿದರು, ಒಳ್ಳೆ ಕೆಲಸ. ಪಾದೂರಿನ ಎರಡನೇ ಹಂತಕ್ಕೆ 2021ರಲ್ಲೇ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ. ಜಾಗ ಬಿಟ್ಟುಕೊಡಬೇಕಾದ ಊರವರ ಜೊತೆ ಕೂತು ಮಾತಾಡಿ, ಸರಿಯಾದ ಪರಿಹಾರ ಕೊಟ್ಟು, ಅದನ್ನು ಬೇಗ ಕಟ್ಟಿ ಮುಗಿಸಿ.