ಗಾಳಿ ಬಂತು, ದೀಪ ಆರಿತು

15ನೇ ಶತಮಾನದ ಬೀದರ್ ಕೋಟೆಯಲ್ಲಿ ಗಾಳಿ ವಿಪರೀತ ಇತ್ತಂತೆ. ಇತ್ತೀಚೆಗೆ ಓದಿದ ಒಂದು ಕಾದಂಬರಿಯಿಂದ ಇದು ನನಗೆ ತಿಳಿಯಿತು. ಇಬ್ಬರು ಹುಡುಗಿಯರು ಒಂದು ಕೋಣೆಯಲ್ಲಿ ಹತ್ತಿರ ಕೂತರೆ ಸಾಕು, ಎಲ್ಲಿಂದಲೋ ಗಾಳಿ ನುಗ್ಗುತ್ತದೆ. ದೀಪ ಆರುತ್ತದೆ. ಅಧ್ಯಾಯ ಮುಗಿಯುತ್ತದೆ. ಮುಂದಿನ ಅಧ್ಯಾಯದಲ್ಲಿ ಬೆಳಕು ಹರಿದಿರುತ್ತದೆ, ಒಬ್ಬಳು ಹೂ ಬಿಡಿಸುತ್ತಿರುತ್ತಾಳೆ, ಇನ್ನೊಬ್ಬಳು ನೀರಿಗೆ ಹೋಗಿರುತ್ತಾಳೆ. 400 ಪುಟದ ಪುಸ್ತಕದಲ್ಲಿ 11 ಸಲ ದೀಪ ಆರಿದೆ. ಅಷ್ಟು ದೊಡ್ಡ ಕೋಟೆ ಕಟ್ಟಿಸಿದ ಸುಲ್ತಾನರಿಗೆ ಒಂದೆರಡು ಕಿಟಕಿಗೆ ಕದ ಹಾಕಿಸುವುದು ಭಾರವಾಗಿತ್ತೇ?

ಪುಸ್ತಕದ ಹೆಸರು ಬೇಡ. ಲೇಖಕರು ಒಳ್ಳೆಯವರು, ನಮ್ಮ ಕಡೆಯವರೇ. ಬೆನ್ನುಡಿಯಲ್ಲಿ ‘ಬಹಮನಿ ಕಾಲದ ಇಬ್ಬರು ಹೆಣ್ಣುಮಕ್ಕಳ ಅಮರ ಪ್ರೇಮಕತೆ’ ಎಂದಿತ್ತು. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಅಂಥ ಸಾಲು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಪರ್ಸಿಗೆ ಹೋಗುತ್ತದೆ. ರಾಜ ಮತ್ತು ರಾಣಿ, ರಾಜ ಮತ್ತು ನರ್ತಕಿ, ರಾಜ ಮತ್ತು ಬೇಟೆಗೆ ಹೋದಾಗ ಸಿಕ್ಕ ಕಾಡಿನ ಹುಡುಗಿ, ಎಲ್ಲ ಓದಿ ಮುಗಿದಿದೆ. ಒಂದು ಸಲವಾದರೂ ರಾಜ ಬೇಟೆಯಲ್ಲೇ ಇರಲಿ, ಅರಮನೆಯಲ್ಲಿ ಬೇರೆ ಕತೆ ನಡೆಯಲಿ ಎಂದು ನನ್ನಂಥವರಿಗೆ ಆಸೆ ಇರುತ್ತದೆ, ಅಲ್ವಾ?

ಬುನಾದಿ ಗಟ್ಟಿಯಾಗಿಯೇ ಇದೆ. ಕಾಲ 1470ರ ಆಸುಪಾಸು. ಒಬ್ಬಳು ಇರಾನಿನಿಂದ ಬಂದ ಅಮೀರನ ಮಗಳು. ಇನ್ನೊಬ್ಬಳು ಬಿದರಿ ಕೆಲಸದವರ ಮನೆಯವಳು, ಬೆಳ್ಳಿ ತಂತಿ ಕೂರಿಸುವುದರಲ್ಲಿ ಅಪ್ಪನನ್ನು ಮೀರಿಸಿದವಳು. ಹೊರಗಿನಿಂದ ಬಂದ ಅಫಾಕಿಗಳಿಗೂ ಇಲ್ಲಿಯ ದಖನಿಗಳಿಗೂ ಆಗ ಹಾವು ಮುಂಗುಸಿ ಸಂಬಂಧ. ಆ ಜಗಳದಲ್ಲೇ ಸುಳ್ಳು ಪತ್ರ ಸೃಷ್ಟಿಸಿ 1481ರಲ್ಲಿ ವಜೀರ ಮಹಮೂದ್ ಗಾವಾನನ ತಲೆ ತೆಗೆಸಿದರು. ಇಂಥ ಊರಿನ ಇಂಥ ಎರಡು ಮನೆಗಳ ಹುಡುಗಿಯರು ಬೀದರ್ ಪಕ್ಕದ ನೌಬಾದಿನ ಸುರಂಗ ಬಾವಿಯ ಹತ್ತಿರ ಮೊದಲ ಸಲ ಎದುರಾಗುತ್ತಾರೆ. ನೆಲದೊಳಗೆ ಕಾಲುವೆ, ತಣ್ಣಗಿನ ನೀರು, ಮೇಲೆ ಸುಡುವ ಕೆಂಪು ಕಲ್ಲು. ಇನ್ನೇನು ಬೇಕು? ಚಹಾ ಪಕ್ಕಕ್ಕಿಟ್ಟೆ.

ಚಹಾ ಆರಿತು. ಕತೆ ಬಿಸಿಯಾಗಲಿಲ್ಲ.

ಸಂಶೋಧನೆಯಲ್ಲಿ ಲೇಖಕರನ್ನು ಹಿಡಿಯುವವರಿಲ್ಲ. ಗಾವಾನ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾ ಬಗ್ಗೆಯೇ 40 ಪುಟ ಬರೆದಿದ್ದಾರೆ. ಬಣ್ಣದ ಹೆಂಚು, ಮೂರು ಅಂತಸ್ತು, ಪುಸ್ತಕಗಳ ಕೋಣೆ, ಯಾವುದೂ ಬಿಟ್ಟಿಲ್ಲ. ಆಮೇಲೆ ಬಿದರಿ. ಸತುವಿಗೆ ಚೂರು ತಾಮ್ರ ಸೇರಿಸಿ ಎರಕ ಹೊಯ್ಯುವುದು, ಉಳಿಯಲ್ಲಿ ಹೂಬಳ್ಳಿ ಕೊರೆಯುವುದು, ಬೆಳ್ಳಿ ಕೂರಿಸುವುದು, ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸುವುದು. ಆಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿ ಇದೆಯೋ ಇಲ್ಲವೋ ಎಂದು ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಇದು ನಿಜ, ಇವತ್ತಿಗೂ ನೋಡುತ್ತಾರೆ. ಹುಡುಗಿ ಮಣ್ಣಿನ ರುಚಿ ನೋಡುವ ಪ್ರಸಂಗ ಬಹಳ ಚೆನ್ನಾಗಿ ಬಂದಿದೆ. ಕಣ್ಣು ಮುಚ್ಚುತ್ತಾಳೆ, ಉಸಿರು ಬಿಗಿಹಿಡಿಯುತ್ತಾಳೆ, ಮೈ ನವಿರೇಳುತ್ತದೆ. ಕೋಟೆಯ ಮಣ್ಣಿಗಿದ್ದ ಭಾಗ್ಯ ಅಮೀರನ ಮಗಳಿಗೆ ಕೊನೆಯ ಪುಟದವರೆಗೂ ಸಿಗಲಿಲ್ಲ.

ಅಮೀರನ ಮಗಳಿಗೆ ಸಿಕ್ಕಿದ್ದು ಕುದುರೆ. ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ ಆ ಕಾಲದಲ್ಲಿ ಒಂದು ಕುದುರೆ ಹಿಡಿದುಕೊಂಡು ಚೌಲ್ ಬಂದರಿನಲ್ಲಿ ಇಳಿದ. ಜುನ್ನರಿನಲ್ಲಿ ಅಲ್ಲಿಯ ಖಾನ ಆ ಕುದುರೆ ಕಿತ್ತುಕೊಂಡ. ಹೇಗೋ ಬಿಡಿಸಿಕೊಂಡು ಬೀದರಿಗೆ ಬಂದು ಮಾರಿದ. ಇದೂ ನಿಜವೇ. ಕಾದಂಬರಿಯಲ್ಲಿ ಆ ಕುದುರೆಯನ್ನು ನಮ್ಮ ನಾಯಕಿಯ ಅಪ್ಪ ಕೊಳ್ಳುತ್ತಾನೆ. ಅವಳು ಅದರ ಕುತ್ತಿಗೆ ಸವರುತ್ತಾಳೆ. ಎರಡು ಪುಟ ಸವರುತ್ತಾಳೆ. ಬೆರಳು, ಬೆವರು, ಬಿಸಿಯುಸಿರು ಎಲ್ಲ ಇದೆ. ಅದು ಗಂಡು ಕುದುರೆ ಎಂದು ಲೇಖಕರು ಮರೆಯದೆ ಎರಡು ಸಲ ಹೇಳಿದ್ದಾರೆ. ನಡುಮಧ್ಯಾಹ್ನದ ಪ್ರಸಂಗ ಬೇರೆ, ಆರಿಸಲು ದೀಪವೂ ಇರಲಿಲ್ಲ.

290ನೇ ಪುಟದಲ್ಲಿ ಒಬ್ಬ ದಳಪತಿ ಬರುತ್ತಾನೆ. ಅಲ್ಲಿಯವರೆಗೆ ಅವನ ಸುಳಿವೇ ಇರಲಿಲ್ಲ. ಅಗಲ ಎದೆ, ಗಾಯದ ಗುರುತು, ಸ್ವಲ್ಪ ಶಾಯರಿ. ಅವನ ಕಡೆ ಬಂದ ಬಾಣಕ್ಕೆ ಬಿದರಿ ಹುಡುಗಿ ಅಡ್ಡ ನಿಲ್ಲುತ್ತಾಳೆ. ಯಾಕೆ ನಿಂತಳು? ಅವಳಿಗೂ ಅವನಿಗೂ ಸರಿಯಾದ ಪರಿಚಯವೇ ಇಲ್ಲ. ಸುಮ್ನೆ ಆ ದಾರಿಯಲ್ಲಿ ಹೊರಟಿದ್ದಳು ಅಂತ ಕಾಣುತ್ತದೆ. ಸಾಯುವಾಗ ಗೆಳತಿಯ ಕೈ ಹಿಡಿದು ದಳಪತಿಯ ಕೈಯಲ್ಲಿಡುತ್ತಾಳೆ. ಆ ಇಬ್ಬರಿಗೆ ಮದುವೆಯಾಗುತ್ತದೆ. ಹೆಣ್ಣು ಮಗು ಹುಟ್ಟುತ್ತದೆ. ಮಗುವಿಗೆ ಸತ್ತ ಗೆಳತಿಯ ಹೆಸರಿಡುತ್ತಾರೆ. ಅಲ್ಲಿಗೆ ಅಮರ ಪ್ರೇಮ ಅಮರವಾಯಿತು. ಒಬ್ಬಳು ಗೋರಿಗೆ, ಒಬ್ಬಳು ಬಾಣಂತಿ ಕೋಣೆಗೆ.

ಇಷ್ಟಾದ ಮೇಲೂ ಬಿಡುಗಡೆ ಸಮಾರಂಭಕ್ಕೆ ಹೋದೆ. ಆಸೆಬುರುಕರ ಹಣೆಬರಹ. ಮೊದಲ ಅತಿಥಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371ಜೆ ವಿಧಿ ಬಗ್ಗೆ ಮಾತಾಡಿದರು. ಎರಡನೆಯವರು ತೊಗರಿ ಬೆಲೆ ಬಗ್ಗೆ ಮಾತಾಡಿದರು. ಇಬ್ಬರೂ ಪುಸ್ತಕ ಓದಿರಲಿಲ್ಲ, ಆದ್ದರಿಂದ ಅದಕ್ಕೆ ಹಾನಿಯೂ ಮಾಡಲಿಲ್ಲ. ಮೂರನೆಯವರು ಓದಿಕೊಂಡು ಬಂದಿದ್ದರು. ‘ಯಾರೂ ತಪ್ಪು ತಿಳ್ಕೋಬ್ಯಾಡ್ರಿ, ಇದು ಪ್ರೇಮ ಅಲ್ಲ, ಪವಿತ್ರ ಸ್ನೇಹ’ ಎಂದರು. ಬೆನ್ನುಡಿ ಬರೆದವರು ಅದೇ ವೇದಿಕೆಯಲ್ಲಿ ಕೂತು ತಲೆ ಆಡಿಸಿದರು. ಕೊನೆಗೆ ಅಧ್ಯಕ್ಷರು ಎದ್ದರು. ‘ಅಲ್ರೀ, ಆ ಕಾಲದಾಗ ಹೆಣ್ಮಕ್ಕಳಿಗೆ ಅಷ್ಟು ಧೈರ್ಯ ಎಲ್ಲಿತ್ತು? ಇದಕ್ಕ ಇತಿಹಾಸದಾಗ ಆಧಾರ ಏನು?’

ಧೈರ್ಯದ ವಿಷಯ ಮೊದಲು. 1461ರಲ್ಲಿ ಬೀದರಿನ ಗದ್ದುಗೆಯ ಮೇಲೆ 8 ವರ್ಷದ ಹುಡುಗ ಕೂತಿದ್ದ. ರಾಜ್ಯದ ಕೆಲಸ ನಡೆಸಿದ್ದು ಅವನ ತಾಯಿ, ಗಾವಾನನಂಥ ಇಬ್ಬರು ಮಂತ್ರಿಗಳನ್ನು ಜೊತೆಗಿಟ್ಟುಕೊಂಡು. ಅವಳಿಗೆ ಧೈರ್ಯ ಎಲ್ಲಿಂದ ಬಂತೋ, ಅಧ್ಯಕ್ಷರೇ ಹೇಳಬೇಕು.

ಇನ್ನು ಆಧಾರ. ಇದೇ ಕಾದಂಬರಿಯ 56ನೇ ಪುಟದಲ್ಲಿ ಬಿದರಿ ಹುಡುಗಿ ಖಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು, ಹಸಿ ಮೆಣಸಿನಕಾಯಿ ಕಡಿಯುತ್ತ ಊಟ ಮಾಡುತ್ತಾಳೆ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕದ ಬೆಳೆ. ಕೊಲಂಬಸ್ ಹಡಗು ಹತ್ತಿದ್ದು 1492ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. 1470ರ ಬೀದರಿನಲ್ಲಿ ಹಿಂಡಿ ಕುಟ್ಟಿದವರು ಯಾರು? 120ನೇ ಪುಟದಲ್ಲಿ ಕೋಟೆಯೊಳಗಿನ ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಮಿನುಗುವುದನ್ನು ನೋಡಿ ಇಬ್ಬರೂ ಮೈಮರೆಯುತ್ತಾರೆ. ಆ ಚಿಪ್ಪಿನ ಕೆಲಸ ಬಹಮನಿಗಳ ನಂತರ ಬೀದರ್ ಆಳಿದ ಅಲಿ ಬರೀದನ ಕಾಲದ್ದು, 16ನೇ ಶತಮಾನದ ನಡುಭಾಗದ್ದು. ಹುಡುಗಿಯರು ಎಪ್ಪತ್ತು ವರ್ಷ ಮೊದಲೇ ಹೋಗಿ ನೋಡಿ ಬಂದರು. ಸಭೆಯಲ್ಲಿ ಒಬ್ಬರೂ ಚಕಾರ ಎತ್ತಲಿಲ್ಲ. ಶೇಂಗಾಕ್ಕೆ ಆಧಾರ ಬೇಡ. ಚಿಪ್ಪಿಗೆ ಆಧಾರ ಬೇಡ. ಇಬ್ಬರು ಹೆಣ್ಣುಮಕ್ಕಳು ಒಂದು ಮಂಚದ ಮೇಲೆ ಕೂತರೆ ಮಾತ್ರ ತಾಮ್ರಪಟ ತೋರಿಸಬೇಕು.

ಅದೂ ಯಾವ ಊರಿನ ಜನ ಕೇಳುತ್ತಿದ್ದಾರೆ ನೋಡಿ. ಇದೇ ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಶಹಾ ಭೀಮೆಯ ದಂಡೆಯಲ್ಲಿ ಫಿರೋಜಾಬಾದ್ ಕಟ್ಟಿಸಿದ. ಅವನ ಜನಾನಾದಲ್ಲಿ ದೇಶ ದೇಶದ ಹೆಂಗಸರು ಇದ್ದರಂತೆ. ಒಬ್ಬೊಬ್ಬಳ ಜೊತೆಗೂ ಅವಳ ಭಾಷೆಯಲ್ಲೇ ಮಾತಾಡುತ್ತಿದ್ದನಂತೆ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಸಲುವಾಗಿ 1406ರಲ್ಲಿ ವಿಜಯನಗರಕ್ಕೂ ಇವನಿಗೂ ಯುದ್ಧವೇ ಆಯಿತಂತೆ. ಹೇಳಿದವನು ಇತಿಹಾಸಕಾರ ಫೆರಿಷ್ತಾ, ಅದೂ ಸುಮಾರು 200 ವರ್ಷ ಕಳೆದ ಮೇಲೆ. ನಾವು ನಂಬಿದೆವು. ಶಾಲೆಯಲ್ಲಿ ಕೇಳಿ ಬಾಯಿ ಚಪ್ಪರಿಸಿದೆವು. ಗಂಡಸಿನ ಮೋಹಕ್ಕೆ ‘ಅಂತೆ’ ಸಾಕು. ಜನಾನಾದ ಒಳಗೆ ಅಷ್ಟು ಹೆಂಗಸರು ಅಷ್ಟು ವರ್ಷ ಏನು ಮಾಡುತ್ತಿದ್ದರು ಎಂದು ಕೇಳಿದರೆ, ಎಲ್ಲರೂ ಸುಲ್ತಾನನ ದಾರಿ ಕಾಯುತ್ತಿದ್ದರು ಎನ್ನುತ್ತಾರೆ. ಸುಲ್ತಾನ ಒಬ್ಬನೇ ಇದ್ದ, ಯುದ್ಧ ಬೇರೆ ಜಾಸ್ತಿ.

ಆಧಾರವೇ ಬೇಕಾದರೆ ಹುಡುಕಿದರೆ ಸಿಗುತ್ತದೆ. ಕೃತ್ತಿವಾಸನ ಬಂಗಾಳಿ ರಾಮಾಯಣ ಇದೇ 15ನೇ ಶತಮಾನದ್ದು. ಅದರ ಕೆಲವು ಪ್ರತಿಗಳಲ್ಲಿ ರಾಜ ದಿಲೀಪ ಮಕ್ಕಳಿಲ್ಲದೆ ಸಾಯುತ್ತಾನೆ. ಅವನ ಇಬ್ಬರು ವಿಧವೆ ರಾಣಿಯರು ಶಿವನ ವರದಿಂದ ತಮ್ಮಲ್ಲೇ ಕೂಡುತ್ತಾರೆ, ಭಗೀರಥ ಹುಟ್ಟುತ್ತಾನೆ. ಗಂಗೆಯನ್ನು ಭೂಮಿಗೆ ತಂದನಲ್ಲ, ಅವನೇ. ಲಖನೌದ ಶಾಯರರು ಹೆಂಗಸರ ದನಿಯಲ್ಲಿ ಬರೆದ ರೇಖ್ತಿ ಎಂಬ ಉರ್ದು ಕಾವ್ಯ ಇದೆ. ಅದರಲ್ಲಿ ಒಂದೇ ಸಿಪ್ಪೆಯೊಳಗಿನ ಜೋಡಿ ಬಾದಾಮಿ ಸಿಕ್ಕರೆ ಇಬ್ಬರು ಗೆಳತಿಯರು ಹಂಚಿಕೊಂಡು ತಿಂದು ಜೋಡಿಯಾಗುತ್ತಾರೆ. ಎಷ್ಟು ಚಂದದ ಪದ್ಧತಿ! ಬರೆದವರು ಗಂಡಸರು, ಚಪಲಕ್ಕೆ ಬರೆದದ್ದೇ ಜಾಸ್ತಿ, ಒಪ್ಪುತ್ತೇನೆ. ಆದರೂ ಅವರು ದೀಪ ಆರಿಸಲಿಲ್ಲ. ನಮ್ಮ ಲೇಖಕರ ಅಮೀರನ ಮನೆಯಲ್ಲಿ ಬಾದಾಮಿ ಪುಟ ಪುಟಕ್ಕೂ ಬರುತ್ತದೆ. ಎಲ್ಲವನ್ನೂ ಕುದುರೆ ತಿನ್ನುತ್ತದೆ.

ಕಾನೂನಿನ ಭಯ ಎನ್ನೋಣವೆಂದರೆ ಅದೂ ಇಲ್ಲ. ವಯಸ್ಕರಾದ ಒಂದೇ ಲಿಂಗದವರು ಪರಸ್ಪರ ಒಪ್ಪಿ ಪ್ರೀತಿಸಿದರೆ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿಯಾಗಿದೆ. ಮದುವೆಯ ಹಕ್ಕು ಮಾತ್ರ 2023ರಲ್ಲೂ ಕೊಡಲಿಲ್ಲ. ನಾವು ಮದುವೆ ಕೇಳಿರಲಿಲ್ಲ ಮಾರಾಯರೆ. ಒಂದು ಅಧ್ಯಾಯ ಕೇಳಿದ್ದೆವು.

ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನ ಕಾಲೇಜು ಹುಡುಗಿಯೊಬ್ಬಳು ಎದ್ದಳು. ‘ಸರ್, ಇಬ್ಬರೂ ಬದುಕಿ, ಕೂಡಿ ಇದ್ದಿದ್ದರ ಏನಾಗ್ತಿತ್ತು?’ ಲೇಖಕರು ಕನ್ನಡಕ ಸರಿಮಾಡಿಕೊಂಡರು. ‘ಓದುಗರು ನಂಬೂದಿಲ್ಲವ್ವ. ಐತಿಹಾಸಿಕ ಕಾದಂಬರಿ ನೋಡು, ವಾಸ್ತವಕ್ಕ ಹತ್ತಿರ ಇರಬೇಕು’ ಎಂದರು.

ಅವರ ವಾಸ್ತವ ಹೀಗಿದೆ. ಗಾವಾನನ ತಲೆ ಬಿದ್ದದ್ದು ದೂರದ ಆಂಧ್ರದ ಕೊಂಡಪಲ್ಲಿಯಲ್ಲಿ. ಕಾದಂಬರಿಯಲ್ಲಿ ಬೀದರ್ ಕೋಟೆಯ ಪಟ್ಟದ ಆನೆಗೆ ಅದು ಅದೇ ಗಳಿಗೆಯಲ್ಲಿ ಗೊತ್ತಾಗುತ್ತದೆ. ಆನೆ ಮೂಡಣಕ್ಕೆ ತಿರುಗುತ್ತದೆ, ಮೊಣಕಾಲೂರುತ್ತದೆ, ಸೊಂಡಿಲಿನಿಂದ ಮಣ್ಣು ಎತ್ತಿ ತಲೆಗೆ ಸುರಿದುಕೊಂಡು ಅಳುತ್ತದೆ. ಒಂಬತ್ತು ಪುಟ ಅಳುತ್ತದೆ. ಲೇಖಕರು ಆ ಭಾಗವನ್ನು ಓದಿ ತೋರಿಸಿದರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಆಧಾರ ಕೇಳಿದ್ದ ಅಧ್ಯಕ್ಷರು ಸನ್ಮಾನಕ್ಕೆ ಹೊದಿಸಿದ್ದ ಶಾಲಿನಿಂದಲೇ ಕಣ್ಣೊರೆಸಿಕೊಂಡರು.